ಸಣ್ಣ ಸಂಚಿಕೆಯೂ ಜಾಹೀರಾತಿನ ನ್ಯಾಯಬೆಲೆಯೂ

'ಜಾಹೀರಾತು' ಎಂಬುದು ಮೂಲತಃ ನಮ್ಮ ನುಡಿಯ ಶಬ್ದವಲ್ಲ. ಬಯಲಾದದ್ದು, ಎದ್ದು ಕಾಣುವಂಥದ್ದು ಎಂಬ ಅರ್ಥದ ಅರಬ್ಬೀ ಮಾತೊಂದು ಪಾರಸಿಯ ಹಾದಿಯಲ್ಲಿ ಈ ನಾಡಿಗೆ ಬಂದು, ಕಚೇರಿಗಳಲ್ಲಿ ಬಳಕೆಯಾಗಿ, ಕೊನೆಗೆ ಪತ್ರಿಕೆಗಳಲ್ಲಿ ನೆಲೆಸಿತು. ಅದಕ್ಕೆ ಮೊದಲು ಊರಿನ ಜಾಹೀರಾತೆಂದರೆ ಡಂಗುರವೇ. ಡಂಗುರ ಸಾರುವವನು ಎಷ್ಟು ಬೀದಿ ತಿರುಗಿದನೆಂಬುದನ್ನು ಊರವರೆಲ್ಲ ಕಿವಿಯಾರೆ ಕೇಳಿರುತ್ತಿದ್ದರಾಗಿ ಅವನ ಕೂಲಿಯ ವಿಷಯದಲ್ಲಿ ಸಂಶಯಕ್ಕೆ ಆಸ್ಪದ ಕಡಮೆ. ಅಚ್ಚಿನ ಜಾಹೀರಾತು ಬಂದಮೇಲೆ ಈ ಅನುಕೂಲ ತಪ್ಪಿತು. ಸಾವಿರ ಪ್ರತಿ ಅಚ್ಚಾಗಿದೆಯೆಂದು ಸಂಪಾದಕ ಹೇಳಿದರೆ ವ್ಯಾಪಾರಿ ನಂಬಬೇಕು. ಆ ಸಾವಿರದಲ್ಲಿ ತೆರೆದು ನೋಡಿದವರೆಷ್ಟು ಮಂದಿ ಎಂಬುದು ಇಬ್ಬರಿಗೂ ತಿಳಿಯದ ಸಂಗತಿ.

ಪ್ರತಿ ಸಲವೂ ಸ್ಮರಣ ಸಂಚಿಕೆಯ ಕಾರ್ಯ ಮೊದಲಾದೊಡನೆ ಅಧ್ಯಾಪಕರಾದ ನಾವು ರಸೀದಿ ಪುಸ್ತಕ ಹಿಡಿದು ತರೀಕೆರೆ, ಬೀರೂರು, ಕಡೂರು, ಅಜ್ಜಂಪುರದ ಪೇಟೆಗಳನ್ನು ಸುತ್ತುತ್ತೇವೆ. ಒಂದು ಪುಟಕ್ಕೆ ಎಷ್ಟು ಕೇಳಬೇಕು, ಯಾವ ಆಧಾರದ ಮೇಲೆ ಕೇಳಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೂತು ಯೋಚಿಸಿದ್ದು ವಿರಳ. ಪ್ರಕೃತ ಲೇಖನವು ಆ ಯೋಚನೆಯ ಒಂದು ಪ್ರಯತ್ನ.

ನಾನು ಇದಕ್ಕೆ ಕೈಹಾಕಿದ್ದು ಒಂದು ಅವಮಾನದಿಂದ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಸಂಚಿಕೆಗಾಗಿ ಅಡಕೆ ಮಂಡಿಯವರೊಬ್ಬರಿಂದ ಅರ್ಧ ಪುಟಕ್ಕೆ ಸಾವಿರ ರೂಪಾಯಿ ಪಡೆದಿದ್ದೆ. ಅದೇ ಬೀದಿಯ ಬಟ್ಟೆ ಅಂಗಡಿಯವರು ಬಹಳ ಚೌಕಾಸಿ ಮಾಡಿದರೆಂದು ಅವರಿಗೆ ಆರುನೂರಕ್ಕೇ ಅರ್ಧ ಪುಟ ಒಪ್ಪಿಕೊಂಡಿದ್ದೆ. ಮುಂದೆ ಒಂದು ಮದುವೆಯ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು, ಎದುರಿಗೆ ನಾನು. ಮಾತಿಗೆ ಮಾತು ಬಂದು ಲೆಕ್ಕ ಹೊರಬಿತ್ತು. ಮಂಡಿಯವರು ಸಿಟ್ಟಾಗಲಿಲ್ಲ. "ಅಲ್ಲಾ ಪಂಡಿತರೇ, ನಾನು ಕೊಟ್ಟದ್ದು ಹೆಚ್ಚಾಯಿತು ಅನ್ನೋ ದುಃಖ ಇಲ್ಲ. ಮಾತಾಡದೇ ಕೊಟ್ಟವನಿಗೆ ದಂಡ, ಜಗ್ಗಾಡಿದವನಿಗೆ ಸೋಡಿ ಅಂತಾಯಿತಲ್ಲ" ಎಂದಷ್ಟೇ ಅಂದರು. ಎಲೆಯ ಮೇಲಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮರುವರ್ಷ ಇಬ್ಬರೂ ಏನೂ ಕೊಡಲಿಲ್ಲ.

ಜಾಹೀರಾತನ್ನೇ ಬಿಟ್ಟುಬಿಡಬಾರದೇಕೆ ಎಂದು ಕೇಳುವವರುಂಟು. ಆ ದಾರಿಯನ್ನು ಹಿಡಿದ ದೊಡ್ಡವರೂ ಇದ್ದಾರೆ. ದಕ್ಷಿಣ ಆಫ್ರಿಕದಲ್ಲಿ 'ಇಂಡಿಯನ್ ಒಪಿನಿಯನ್' ಪತ್ರಿಕೆಯನ್ನು ನಡೆಸುತ್ತಿದ್ದಾಗ ಗಾಂಧೀಜಿ ಮೊದಲು ಜಾಹೀರಾತು ತೆಗೆದುಕೊಂಡು, ಅನಂತರ ಅದನ್ನು ಕೈಬಿಟ್ಟರು. ನಮ್ಮಲ್ಲಿ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತಿಲ್ಲದೆಯೇ ಓದುಗರ ಹಣದಿಂದ ನಡೆಯಿತು. ಆದರೆ ಓದುಗರು ಕೊಂಡು ಓದುವ ಪತ್ರಿಕೆಗೆ ಸಲ್ಲುವ ವ್ರತ, ಬಿಟ್ಟಿ ಹಂಚುವ ಸಂಚಿಕೆಗೆ ಸಲ್ಲದು. ಜಾಹೀರಾತಿನ ಹಣವು ಓದುಗನ ಮೇಲಿನ ಭಾರವನ್ನು ಇಳಿಸುತ್ತದೆ. ಪತ್ರಿಕೆಗಳ ಪುಟ, ಬೆಲೆ, ಜಾಹೀರಾತಿನ ಜಾಗ ಇವುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದ್ದ 1956ರ ಕಾಯಿದೆಯನ್ನು ಪುಣೆಯ 'ಸಕಾಳ' ಪತ್ರಿಕೆಯವರು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಅದನ್ನು ಅಸಿಂಧುಗೊಳಿಸಿದ್ದು ಬಹುಮಟ್ಟಿಗೆ ಈ ಕಾರಣದಿಂದಲೇ: ಜಾಹೀರಾತು ಕುಗ್ಗಿದರೆ ಪತ್ರಿಕೆಯ ಬೆಲೆ ಏರುತ್ತದೆ, ಬೆಲೆ ಏರಿದರೆ ಓದುವವರು ಕಡಮೆಯಾಗುತ್ತಾರೆ.

ಇನ್ನು ಬೆಲೆಯ ವಿಷಯ. ಕೌಟಿಲ್ಯನ ಅರ್ಥಶಾಸ್ತ್ರವು ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂದು ವಿಧಿಸುತ್ತದೆ. ತಗುಲಿದ ವೆಚ್ಚ, ಅದರ ಮೇಲೆ ಅಲ್ಪ ಲಾಭ: ಅಕ್ಕಿಗೂ ಬಟ್ಟೆಗೂ ಇದು ಸಾಕು. ಆದರೆ ಖಾಲಿ ಪುಟವೆಂಬುದು ಅಂಥ ಸರಕಲ್ಲ. ವ್ಯಾಪಾರಿ ಕೊಳ್ಳುವುದು ಕಾಗದವನ್ನಲ್ಲ, ಅದನ್ನು ನೋಡುವ ಕಣ್ಣುಗಳನ್ನು. ಆದುದರಿಂದ ಇಲ್ಲಿ ಎರಡು ಗಡಿಗಳನ್ನು ಗುರುತಿಸಿಕೊಳ್ಳಬೇಕು. ಪುಟಕ್ಕೆ ತಗುಲುವ ವೆಚ್ಚ ಕೆಳಗಿನ ಗಡಿ. ಅದಕ್ಕಿಂತ ಕಡಮೆಗೆ ಕೊಟ್ಟರೆ ಸಂಸ್ಥೆಯೇ ವ್ಯಾಪಾರಿಗೆ ದಾನಮಾಡಿದಂತೆ. ಆ ಪುಟದಿಂದ ವ್ಯಾಪಾರಿಗೆ ಬರಬಹುದಾದ ಲಾಭ ಮೇಲಿನ ಗಡಿ. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಬೆಲೆಯಲ್ಲ, ವಂತಿಗೆ.

ದೊಡ್ಡ ಪತ್ರಿಕೆಗಳ ದರವನ್ನು ನೋಡಿ ನಮ್ಮ ದರ ಕಟ್ಟಬಹುದೆ? ಕೇಂದ್ರ ಸರಕಾರವು ದಿನಪತ್ರಿಕೆಗಳಿಗೆ ತಾನು ಕೊಡುವ ಕಪ್ಪುಬಿಳುಪು ಜಾಹೀರಾತಿನ ದರವನ್ನು 2025ರ ನವೆಂಬರಿನಲ್ಲಿ ಪರಿಷ್ಕರಿಸಿತು. ಒಂದು ಲಕ್ಷ ಪ್ರತಿಗಳಿಗೆ ಒಂದು ಚದರ ಸೆಂಟಿಮೀಟರಿಗೆ 47 ರೂಪಾಯಿ 40 ಪೈಸೆ ಇದ್ದದ್ದು 59 ರೂಪಾಯಿ 68 ಪೈಸೆಯಾಯಿತು. ನಮ್ಮ ಸಂಚಿಕೆಯ ಪುಟದಲ್ಲಿ ಅಚ್ಚಿನ ಜಾಗ 18 ಸೆಂಟಿಮೀಟರು ಅಗಲ, 24 ಸೆಂಟಿಮೀಟರು ಉದ್ದವೆಂದೂ ಪ್ರತಿಗಳು ಸಾವಿರವೆಂದೂ ಇಟ್ಟುಕೊಂಡು ಇದೇ ದರವನ್ನು ಅನ್ವಯಿಸಿದರೆ ಪೂರ್ಣ ಪುಟದ ಬೆಲೆ ಸುಮಾರು 258 ರೂಪಾಯಿ! ಐದು ಸಾವಿರ ಕೇಳಿ ಅಭ್ಯಾಸವಾದ ನಮಗೆ ಇದು ತಣ್ಣೀರೆರಚಿದ ಹಾಗೆ. ಈ ಲೆಕ್ಕ ನಮಗೆ ಪೂರ್ತಿ ಹೊಂದುವುದಿಲ್ಲ, ನಿಜ. ದಿನಪತ್ರಿಕೆ ಸಂಜೆಗೆ ಕಡಲೆಕಾಯಿಯ ಪೊಟ್ಟಣವಾಗುತ್ತದೆ. ಸ್ಮರಣ ಸಂಚಿಕೆ ಮನೆಯ ಬೀರುವಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಹಳೆಯ ವಿದ್ಯಾರ್ಥಿ ತನ್ನ ತರಗತಿಯ ಭಾವಚಿತ್ರವನ್ನು ಹುಡುಕುತ್ತ ಪ್ರತಿ ಪುಟವನ್ನೂ ತಿರುವುತ್ತಾನೆ. ಆದರೂ 258ಕ್ಕೂ 5000ಕ್ಕೂ ಇರುವ ಅಂತರವನ್ನೆಲ್ಲ ಬೀರುವಿನ ಮೇಲೆ ಹೊರಿಸಲಾಗದು.

ನಿದರ್ಶನಕ್ಕೆ ನಮ್ಮ ಹೆಬ್ಬೆಯ ಕಡೆಯ ಒಂದು ಹೋಂಸ್ಟೇಯನ್ನೇ ತೆಗೆದುಕೊಳ್ಳೋಣ. ಕಾಫಿ ತೋಟದ ಅಂಚಿನಲ್ಲಿ ನಾಲ್ಕು ಕೊಠಡಿ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆಯೆಂದು ಎರಡು ಹಂತವಾಗಿ ಧುಮುಕುವ ಜಲಪಾತವನ್ನು ನೋಡಲು ಕೆಮ್ಮಣ್ಣುಗುಂಡಿಯ ಕಡೆಯಿಂದ ಜೀಪಿನಲ್ಲಿ ಬರುವವರೇ ಅವರ ಗಿರಾಕಿಗಳು. ನಮ್ಮ ಸಂಚಿಕೆ ಬೆಂಗಳೂರು, ದಾವಣಗೆರೆ, ಶಿವಮೊಗ್ಗಗಳಲ್ಲಿರುವ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋಗುತ್ತದೆ. ಅವರಲ್ಲಿ ಆರು ಸಂಸಾರಗಳು ಜಾಹೀರಾತನ್ನು ಕಂಡು ಬಂದು ತಂಗಿ, ಖರ್ಚು ಕಳೆದು ತಲಾ 700 ರೂಪಾಯಿ ಉಳಿಯಿತೆನ್ನಿ, ಒಟ್ಟು 4200. ಇದು ಮೇಲಿನ ಗಡಿ. ಕಾಗದ, ಅಚ್ಚು, ಹೊಲಿಗೆ ಸೇರಿ ಪುಟದ ವೆಚ್ಚ 600 ಎಂದಿಟ್ಟುಕೊಂಡರೆ ಅದು ಕೆಳಗಿನ ಗಡಿ. ನಡುವೆ ಎಲ್ಲಿ ನಿಲ್ಲಬೇಕು? ಲಾಭದ ಅರ್ಧವಾದರೂ ಹಣ ಕೊಟ್ಟವನಿಗೇ ಉಳಿಯಬೇಕೆಂಬುದು ನನ್ನ ಮತ, ಅಪಾಯ ಅವನದಲ್ಲವೆ? ಆಗ ಎರಡು ಸಾವಿರದ ಆಸುಪಾಸಿನಲ್ಲಿ ಬೆಲೆ ನಿಲ್ಲುತ್ತದೆ.

ಇದೇ ಪುಟವು ಅಡಕೆ ಮಂಡಿಯವರಿಗೆ ಅಷ್ಟು ಬಾಳದು. ಅವರಿಗೆ ಅಡಕೆ ತರುವ ರೈತರು ಅವರನ್ನು ಮೊದಲೇ ಬಲ್ಲರು. ಹಾಗಾದರೆ ಅವರಿಗೊಂದು ದರ, ಹೋಂಸ್ಟೇಯವರಿಗೊಂದು ದರವೆ? ಇಲ್ಲಿಯೇ ನಾನು ಜಾರಿಬಿದ್ದದ್ದು. ಒಬ್ಬೊಬ್ಬರ ಲಾಭವನ್ನು ಅಳೆದು ದರ ಹೇಳಹೊರಟರೆ ಅದು ಬಹುಬೇಗ ಮುಖ ನೋಡಿ ಮಣೆ ಹಾಕುವುದಾಗುತ್ತದೆ. ದರ ಜಾಗಕ್ಕೆ, ಆಸಾಮಿಗಲ್ಲ. ಪೂರ್ಣ ಪುಟ 2000, ಅರ್ಧ 1100, ಕಾಲು 600 ಎಂದು ಅಚ್ಚುಹಾಕಿಸಿದ ಒಂದು ದರಪಟ್ಟಿ ಎಲ್ಲರ ಕೈಗೂ ಹೋಗಲಿ. ಯಾರಿಗೆ ಎಷ್ಟು ಬಾಳುತ್ತದೋ ಅಷ್ಟನ್ನು ಅವರೇ ಆರಿಸಿಕೊಳ್ಳಲಿ. ಅರ್ಧ ಪುಟ ಪೂರ್ಣದ ಅರ್ಧಕ್ಕಿಂತ ತುಸು ಹೆಚ್ಚಿರುವುದೇಕೆಂದು ಕೇಳಿದರೆ ಉತ್ತರವಿದೆ: ಅಲೆದಾಟ, ಜೋಡಣೆ, ಕರಡು ತಿದ್ದುವಿಕೆ ಸಣ್ಣದಕ್ಕೂ ದೊಡ್ಡದಕ್ಕೂ ಸಮವೇ. ಹಿಂಬದಿಯ ರಕ್ಷಾಪುಟ ಒಂದೇ ಇರುವುದರಿಂದ ಅದನ್ನು ಹರಾಜು ಹಾಕಬೇಕೆನ್ನುವ ಮಿತ್ರರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹರಾಜಿನಲ್ಲಿ ಗೆಲ್ಲುವುದು ಲಾಭದ ಲೆಕ್ಕವಲ್ಲ, ಹಟ. ದರ ಗೊತ್ತುಮಾಡಿ, ಕೇಳಿದವರು ಹಲವರಾದರೆ ಚೀಟಿ ಎತ್ತುವುದು ಮೇಲು. ದರಪಟ್ಟಿಯಲ್ಲಿ ಪ್ರತಿಗಳ ಸಂಖ್ಯೆಯನ್ನೂ ಅವು ಯಾವ ಯಾವ ಊರಿಗೆ ಹೋಗುತ್ತವೆಂಬುದನ್ನೂ ನಮೂದಿಸಬೇಕು. ಐದುನೂರು ಅಚ್ಚುಮಾಡಿಸಿ ಸಾವಿರವೆಂದರೆ ಅದು ತಕ್ಕಡಿಯ ತಳಕ್ಕೆ ಹುಣಿಸೆಹಣ್ಣು ಅಂಟಿಸಿದಂತೆಯೇ.

ಹಣ ಸಾಲದೆ ಹೋದರೆ? ಸಾಲುವುದಿಲ್ಲ, ಅದು ಖಂಡಿತ. ಕೊರತೆಯಾದುದನ್ನು ದಾನವೆಂದೇ ಕೇಳಬೇಕು, ದಾನವೆಂದೇ ರಸೀದಿ ಬರೆಯಬೇಕು. ದಾಸೋಹದ ಅರ್ಥವನ್ನು ಮಠದ ಅಂಗಳದಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟವನು ಬದಲಿಗೆ ಏನನ್ನೂ ಬಯಸನು. ಜಾಹೀರಾತು ಕೊಟ್ಟವನು ಬಯಸುತ್ತಾನೆ, ಬಯಸಬೇಕಾದ್ದೇ. ಇವೆರಡನ್ನು ಕಲಸಿದರೆ ದಾನಿಯ ಪುಣ್ಯವೂ ಹೋಯಿತು, ವ್ಯಾಪಾರಿಯ ಲಾಭವೂ ಹೋಯಿತು. ಆದಾಯ ತೆರಿಗೆಯವರೂ ದಾನವನ್ನು ಒಂದು ಬಗೆಯಾಗಿ, ವ್ಯಾಪಾರದ ವೆಚ್ಚವನ್ನು ಇನ್ನೊಂದು ಬಗೆಯಾಗಿ ಎಣಿಸುತ್ತಾರೆ. ಸಂಚಿಕೆಗಳ ತುಂಬ ಕಾಣುವ 'ಶುಭ ಹಾರೈಕೆಗಳೊಂದಿಗೆ' ಎಂಬ ಪುಟಗಳು ಈ ಕಲಬೆರಕೆಯ ಸಂತಾನ. ಅಂಗಡಿಯ ಹೆಸರಿರುತ್ತದೆ, ಏನು ಮಾರುತ್ತಾರೆ, ಎಲ್ಲಿದ್ದಾರೆ ಎಂಬುದಿರುವುದಿಲ್ಲ. ಕನ್ನಡ ಪಂಡಿತರು ಇಂಥ ಪುಟಕ್ಕೆ ನಾಲ್ಕು ಉಪಯುಕ್ತ ವಾಕ್ಯಗಳನ್ನು ಬರೆದುಕೊಟ್ಟರೆ ಅದೇ ಒಂದು ಸೇವೆ. ಹೋಂಸ್ಟೇಯವರಿಗೆ 'ಪ್ರಕೃತಿಯ ಮಡಿಲಲ್ಲಿ' ಎಂಬ ಸವಕಲು ಮಾತು ಬೇಡ. ಮಳೆಗಾಲದಲ್ಲಿ ದಾರಿ ಹೇಗಿರುತ್ತದೆ, ಜೀಪು ಎಲ್ಲಿ ಸಿಗುತ್ತದೆ, ಊಟವೇನು ಎಂಬುದು ಬೇಕು.

ಎಷ್ಟು ಹಣ ಕೊಟ್ಟರೂ ಹಾಕಬಾರದ ಜಾಹೀರಾತುಗಳೂ ಇವೆ. ಕೆಲವು ರೋಗಗಳನ್ನು ವಾಸಿಮಾಡುತ್ತೇವೆಂಬ ಔಷಧಿಗಳ, ಮಂತ್ರ ತಾಯಿತಗಳ ಪ್ರಚಾರವನ್ನು 1954ರ ಕಾಯಿದೆಯೂ ತಂಬಾಕಿನ ಜಾಹೀರಾತನ್ನು 2003ರ ಕಾಯಿದೆಯೂ ನಿಷೇಧಿಸಿವೆ. ಶಾಲೆಯ ಸಂಚಿಕೆಗೆ ಇದನ್ನು ಕಾಯಿದೆ ಹೇಳಬೇಕಾಗಿರಲಿಲ್ಲ.

ಅಚ್ಚಾದ ದರಪಟ್ಟಿಯನ್ನು ಹಿಡಿದು ನಾನು ಮತ್ತೆ ಆ ಅಡಕೆ ಮಂಡಿಗೆ ಹೋದದ್ದು ಮದುವೆಯ ಊಟವಾಗಿ ಆರು ವರ್ಷಗಳ ಮೇಲೆ. ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. "ಬಟ್ಟೆ ಅಂಗಡಿಗೂ ಇದೇನಾ?" ಎಂದು ಕೇಳಿದರು. ಇದೇ ಎಂದೆ. ಕಾಲು ಪುಟ ಸಾಕೆಂದು ಹಣ ಎಣಿಸಿಕೊಟ್ಟರು. ನಾನು ಎದ್ದು ಹೊಸಿಲು ದಾಟುವಾಗ ಹಿಂದಿನಿಂದ ಕರೆದು, ವಿದ್ಯಾರ್ಥಿ ನಿಲಯದ ಅಕ್ಕಿಗೆಂದು ಬೇರೆ ರಸೀದಿ ಬರೆಸಿದರು.