ಗ್ಯಾಸ್ ತುಂಬಿಸಿದರೆ ಮುಗಿಯಲಿಲ್ಲ: ಯುರೋಪಿನಲ್ಲಿ ಕೋಲ್ಡ್ ರೂಮ್ ನಡೆಸುವವರ ಹೊಣೆ

ಕೋಲ್ಡ್ ರೂಮ್ ಸರಿಯಾಗಿ ತಣ್ಣಗಾಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ ಗ್ಯಾಸ್ ತುಂಬಿಸುವುದು, ಮೂರು ತಿಂಗಳಿಗೆ ಮತ್ತೆ ಕರೆಸುವುದು ನಮ್ಮಲ್ಲಿ ಅನೇಕರ ರೂಢಿ. ಜರ್ಮನಿಯಲ್ಲೋ ನೆದರ್ಲ್ಯಾಂಡ್ಸ್‌ನಲ್ಲೋ ಹೋಟೆಲು, ದಿನಸಿ ಅಂಗಡಿ ನಡೆಸುವ ಕನ್ನಡಿಗರು ಈ ರೂಢಿಯನ್ನು ಅಲ್ಲಿ ಮುಂದುವರಿಸುವಂತಿಲ್ಲ. ಸೋರುವ ಯಂತ್ರವನ್ನು ರಿಪೇರಿ ಮಾಡಿಸದೆ ಬರೀ ಗ್ಯಾಸ್ ತುಂಬಿಸುತ್ತಾ ಹೋದರೆ ಐರೋಪ್ಯ ಒಕ್ಕೂಟದ ಕಾನೂನನ್ನು ಮುರಿದಂತಾಗುತ್ತದೆ. ಅದಕ್ಕೆ ಮೊದಲು ಉತ್ತರ ಹೇಳಬೇಕಾದವರು ಅಂಗಡಿಯವರು, ಮೆಕ್ಯಾನಿಕ್ ಆಮೇಲೆ.

ಕಾನೂನಿನ ಸಂಖ್ಯೆ 2024/573. ಇದು 2014ರ ಹಳೆಯ ನಿಯಮಾವಳಿಯ ಜಾಗದಲ್ಲಿ 2024ರ ಮಾರ್ಚ್ 11ರಿಂದ ಜಾರಿಯಲ್ಲಿದೆ. ಒಕ್ಕೂಟದ 27 ದೇಶಗಳಿಗೂ ನೇರವಾಗಿ ಅನ್ವಯಿಸುತ್ತದೆ. ದಂಡ ಎಷ್ಟೆಂಬುದನ್ನು ಮಾತ್ರ ಆಯಾ ದೇಶ ಗೊತ್ತುಮಾಡುತ್ತದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಈ ಹೊಸ ಕಾನೂನಿಲ್ಲ, 2014ರದ್ದನ್ನು ಆಧರಿಸಿದ ಬೇರೆ ನಿಯಮಗಳಿವೆ.

ಈ ಕಾನೂನು ನಿಯಂತ್ರಿಸುವ, ಫ್ಲೋರಿನ್ ಬೆರೆತ ತಂಪುಕಾರಕ ಅನಿಲಗಳು ಓಝೋನ್ ಪದರಕ್ಕೆ ಹಾನಿ ಮಾಡುವ ಹಳೆಯ ಅನಿಲಗಳ ಬದಲಿಗೆ ಬಂದವು. ಆದರೆ ಭೂಮಿಯ ತಾಪವನ್ನು ಭಯಂಕರವಾಗಿ ಏರಿಸುತ್ತವೆ. ಕೋಲ್ಡ್ ರೂಮುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-404ಎ ಅನಿಲದ ಒಂದು ಕಿಲೋ ಗಾಳಿಗೆ ಸೋರಿತೆಂದರೆ, ಕಾನೂನಿನ ಲೆಕ್ಕದಲ್ಲಿ 3,922 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು! ಒಂದು ಪುಟ್ಟ ಹೋಟೆಲಿನ ಹಿತ್ತಿಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಆಗುವ ನಷ್ಟ ಇದು. ಆರ್-404ಎಯಂಥ ಹೈಡ್ರೋಫ್ಲೋರೋಕಾರ್ಬನ್‌ಗಳನ್ನು ಮಾರುಕಟ್ಟೆಗೆ ಬಿಡುವುದನ್ನು 2050ರ ಹೊತ್ತಿಗೆ ಪೂರ್ತಿ ನಿಲ್ಲಿಸಲು ಒಕ್ಕೂಟ ತೀರ್ಮಾನಿಸಿರುವುದು ಈ ಕಾರಣಕ್ಕೇ.

ಹೊಣೆ ಯಾರದು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಯಂತ್ರದ ತಾಂತ್ರಿಕ ನಿರ್ವಹಣೆ ನಿಜವಾಗಿ ಯಾರ ಕೈಯಲ್ಲಿದೆಯೋ ಅವರನ್ನು ಕಾನೂನು ಆಪರೇಟರ್ ಎನ್ನುತ್ತದೆ. ಕೆಲವು ಸಂದರ್ಭಗಳಲ್ಲಿ ಮಾಲೀಕರ ಮೇಲೆಯೇ ಹೊಣೆ ಹೊರಿಸಲು ಆಯಾ ದೇಶಕ್ಕೆ ಅಧಿಕಾರವಿದೆ. ಬಾಡಿಗೆ ಅಂಗಡಿಯಲ್ಲಿ ಕಟ್ಟಡದವರೇ ಕೂರಿಸಿದ ಕೋಲ್ಡ್ ರೂಮ್ ಇದ್ದರೆ ತಪಾಸಣೆ ಯಾರು ಮಾಡಿಸಬೇಕು, ರಿಪೇರಿಗೆ ಯಾರು ಒಪ್ಪಿಗೆ ಕೊಡಬೇಕು, ದಾಖಲೆ ಯಾರು ಇಡಬೇಕು ಎಂಬುದನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತನ್ನು ನಂಬಿ ಕೂರಬೇಡಿ.

ಆಮೇಲೆ ಯಂತ್ರದ ಲೇಬಲ್ ನೋಡಿ. ಅನಿಲದ ಹೆಸರು, ತೂಕ, ಅದು ಎಷ್ಟು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂಬುದು 2017ರಿಂದೀಚಿನ ಯಂತ್ರಗಳ ಮೇಲೆ ಇರಲೇಬೇಕು. ಹಳೆಯ ಯಂತ್ರವಾದರೆ ಲೆಕ್ಕ ನೀವೇ ಹಾಕಬಹುದು: ಅನಿಲದ ತೂಕವನ್ನು ಅದರ ಗುಣಾಂಕದಿಂದ (ಒಂದು ಕಿಲೋ ಅನಿಲ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂಬ ಸಂಖ್ಯೆ) ಗುಣಿಸಿ. ನಾಲ್ಕು ಕಿಲೋ ಆರ್-404ಎ ಅಂದರೆ ಸುಮಾರು 15.7 ಟನ್. ಅಷ್ಟೇ ತೂಕದ ಆರ್-134ಎ (ಗುಣಾಂಕ 1,430) 5.7 ಟನ್. ಆರ್-32 (ಗುಣಾಂಕ 675) ಆದರೆ 2.7 ಟನ್ ಮಾತ್ರ. ಐದು ಟನ್ ಮುಟ್ಟಿದ ಯಂತ್ರಕ್ಕೆ ಸೋರಿಕೆ ತಪಾಸಣೆ ಕಡ್ಡಾಯವಾದ್ದರಿಂದ ಮೊದಲಿನ ಎರಡೂ ಈ ತಪಾಸಣೆಯ ನಿಯಮದ ಕೆಳಗೆ ಬರುತ್ತವೆ, ಮೂರನೆಯದು ಬರುವುದಿಲ್ಲ. ಕಾರ್ಖಾನೆಯಲ್ಲೇ ಸಂಪೂರ್ಣ ಮುಚ್ಚಿ ಬಂದಿದ್ದು, ಹಾಗೆಂದು ಲೇಬಲ್ ಇರುವ ಯಂತ್ರಗಳಿಗೆ ಹತ್ತು ಟನ್‌ವರೆಗೆ ವಿನಾಯಿತಿ ಇದೆ. ಎಚ್‌ಎಫ್‌ಒ ಎಂಬ ಹೊಸ ಬಗೆಯ ಅನಿಲಗಳಿಗೆ ಲೆಕ್ಕ ಬೇರೆ: ಅವು ಒಂದು ಕಿಲೋ ಇದ್ದರೆ ತಪಾಸಣೆ ಬೇಕು.

ಐದರಿಂದ ಐವತ್ತು ಟನ್‌ಗಿಂತ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ, ಐವತ್ತು ಮುಟ್ಟಿದರೆ ಆರು ತಿಂಗಳಿಗೊಮ್ಮೆ, ಐನೂರು ಮುಟ್ಟಿದರೆ ಮೂರು ತಿಂಗಳಿಗೊಮ್ಮೆ ತಪಾಸಣೆ. ಸೋರಿಕೆ ಪತ್ತೆಹಚ್ಚಿ ಎಚ್ಚರಿಸುವ ವ್ಯವಸ್ಥೆ ಅಳವಡಿಸಿಕೊಂಡರೆ ಈ ಅವಧಿ ಎರಡು ಪಟ್ಟು ಆಗುತ್ತದೆ. ಐನೂರು ಟನ್ ಇದ್ದವರಿಗೆ ಆ ವ್ಯವಸ್ಥೆಯೇ ಕಡ್ಡಾಯ. ಸೋರಿಕೆ ಸಿಕ್ಕಿದರೆ ತಡಮಾಡದೆ ರಿಪೇರಿಯಾಗಬೇಕು. ರಿಪೇರಿಯಾದ ಮೇಲೆ ಯಂತ್ರ ಕನಿಷ್ಠ 24 ಗಂಟೆ ಓಡಿರಬೇಕು, ಅನಂತರ, ರಿಪೇರಿಯಾದ ಒಂದು ತಿಂಗಳೊಳಗೆ ಮತ್ತೊಮ್ಮೆ ತಪಾಸಣೆ ಆಗಬೇಕು. ಈ ಎರಡನೇ ತಪಾಸಣೆಯನ್ನು ಬಿಟ್ಟುಬಿಡುವವರು ಬಹಳ. ಬಿಲ್ ಕೊಡುವ ಮೊದಲೇ ಅದರ ದಿನಾಂಕ ಗೊತ್ತುಮಾಡಿಕೊಳ್ಳಿ.

ಕೆಲಸಕ್ಕೆ ಕರೆಸುವವರ ಪ್ರಮಾಣಪತ್ರ ಕೇಳುವುದು ನಿಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಪ್ರಮಾಣಪತ್ರ ಪಡೆದವರು ಕನಿಷ್ಠ ಏಳು ವರ್ಷಕ್ಕೊಮ್ಮೆ ಮರುತರಬೇತಿ ಪಡೆಯಬೇಕು. ಸಿಲಿಂಡರನ್ನೂ ಕಣ್ಣಿಟ್ಟು ನೋಡಿ. ಮತ್ತೆ ತುಂಬಿಸಲಾಗದ, ಬಳಸಿ ಬಿಸಾಡುವ ಸಿಲಿಂಡರುಗಳನ್ನು ಒಕ್ಕೂಟದಲ್ಲಿ ನಿಷೇಧಿಸಲಾಗಿದೆ. ಅಂಥದ್ದು ಅಂಗಡಿಯ ಬಾಗಿಲಿಗೆ ಬಂದರೆ ಒಳಗಿರುವುದು ಕಳ್ಳಮಾಲು ಎಂದು ಶಂಕಿಸಿ, ಕೆಲಸ ನಿಲ್ಲಿಸಿ.

ಹಳೆಯ ಯಂತ್ರ ಇಟ್ಟುಕೊಂಡವರಿಗೆ ದೊಡ್ಡ ಪೆಟ್ಟು ಕೊಟ್ಟಿರುವುದು 2,500 ಗುಣಾಂಕದ ನಿಯಮ. ಅಷ್ಟು ಅಥವಾ ಹೆಚ್ಚು ಗುಣಾಂಕದ ಹೊಸ ಅನಿಲವನ್ನು 2025ರ ಜನವರಿ 1ರಿಂದ ಶೀತಲೀಕರಣ ಯಂತ್ರಗಳ ಸರ್ವಿಸ್‌ಗೆ ಬಳಸುವಂತಿಲ್ಲ. ಎಸಿ ಮತ್ತು ಹೀಟ್ ಪಂಪುಗಳಿಗೆ ಈ ನಿಷೇಧ 2026ರ ಜನವರಿ 1ರಿಂದ. ಆರ್-404ಎ ಇದಕ್ಕೆ ನೇರವಾಗಿ ಸಿಗುತ್ತದೆ. ಬಳಸಿದ ಅನಿಲವನ್ನು ಶುದ್ಧಗೊಳಿಸಿ ಲೇಬಲ್ ಹಚ್ಚಿ ಮಾರುವ ಮಾಲನ್ನು ಶೀತಲೀಕರಣ ಯಂತ್ರಗಳಿಗೆ 2030ರ ಆರಂಭದವರೆಗೆ, ಎಸಿಗಳಿಗೆ 2032ರ ಆರಂಭದವರೆಗೆ ಹಾಕಬಹುದು. ಅದನ್ನು ನೆಚ್ಚಿಕೊಂಡು ವರ್ಷ ದೂಡುವುದು ಜಾಣತನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ರಿಪೇರಿ ಬಂದಾಗ ಗುಣಾಂಕ 1 ಇರುವ ಇಂಗಾಲದ ಡೈಆಕ್ಸೈಡ್ ಅಥವಾ ಪ್ರೊಪೇನ್ ಬಳಸುವ ಹೊಸ ಯಂತ್ರದ ಬೆಲೆಯನ್ನೂ ಕೇಳಿ ನೋಡಿ. ಪ್ರೊಪೇನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅದನ್ನು ಹಳೆಯ ಯಂತ್ರಕ್ಕೆ ತುಂಬಿಸುವ ಸಾಹಸ ಮಾತ್ರ ಬೇಡವೇ ಬೇಡ.

ಮನೆಗೆ ಸ್ಪ್ಲಿಟ್ ಎಸಿ ಕೊಳ್ಳುವವರಿಗೂ ಒಂದು ಮಾತು: ಅನಿಲ ತುಂಬಿದ, ಪೂರ್ತಿ ಮುಚ್ಚಿರದ ಯಂತ್ರವನ್ನು ಪ್ರಮಾಣಪತ್ರವುಳ್ಳವರೇ ಅಳವಡಿಸುತ್ತಾರೆ ಎಂಬುದಕ್ಕೆ ಪುರಾವೆ ಇದ್ದರೆ ಮಾತ್ರ ಮಾರಬೇಕು.

ತಪಾಸಣೆ ಕಡ್ಡಾಯವಿರುವ ಪ್ರತಿ ಯಂತ್ರಕ್ಕೂ ದಾಖಲೆ ಇರಬೇಕು. ಯಾವ ಅನಿಲ, ಎಷ್ಟು, ಯಾವಾಗ ಎಷ್ಟು ಸೇರಿಸಿದರು, ಅದು ಶುದ್ಧಗೊಳಿಸಿದ ಮಾಲಾದರೆ ಎಲ್ಲಿಯದು, ಕೆಲಸ ಮಾಡಿದವರ ವಿವರ, ತಪಾಸಣೆಯ ದಿನಾಂಕ ಮತ್ತು ಫಲಿತಾಂಶ ಇವೆಲ್ಲ ಅದರಲ್ಲಿರಲಿ. ಕನಿಷ್ಠ ಐದು ವರ್ಷ ಕಾಪಾಡಿ. ಕೆಲಸ ಮಾಡಿದ ಸಂಸ್ಥೆಯೂ ಪ್ರತಿ ಇಟ್ಟುಕೊಂಡಿರಬೇಕು. ನಿಮ್ಮದು ಕಳೆದುಹೋದರೆ ಅವರನ್ನು ಕೇಳಿ. ಅಂಗಡಿ ಮುಚ್ಚುವಾಗ ಅಥವಾ ಯಂತ್ರವನ್ನು ಗುಜರಿಗೆ ಹಾಕುವಾಗ ಒಳಗಿನ ಅನಿಲವನ್ನು ಪ್ರಮಾಣಪತ್ರವುಳ್ಳವರಿಂದ ಹೊರತೆಗೆಸಿ, ಎಷ್ಟು ಕಿಲೋ ತೆಗೆದರು, ಎಲ್ಲಿಗೆ ಕೊಟ್ಟರು ಎಂಬುದನ್ನು ಅದೇ ದಾಖಲೆಯಲ್ಲಿ ಬರೆಸಿಕೊಳ್ಳಿ.