ಅಭಿಮಾನಿಗಳ ಅಭಿಪ್ರಾಯ ಬದಲಾಗುವುದೇಕೆ? — ಡಿಮ್ಮು ಬೋರ್ಗಿರ್ ತಂಡವನ್ನು ಕುರಿತು ಒಂದು ವಿವೇಚನೆ

ಒಬ್ಬ ಕವಿಯನ್ನೋ ಗಾಯಕನನ್ನೋ ಮನಸಾರೆ ಮೆಚ್ಚಿಕೊಂಡವರು ಕೆಲವು ವರ್ಷಗಳ ತರುವಾಯ “ಈಗ ಮೊದಲಿನ ಹಾಗಿಲ್ಲ” ಎಂದು ನಿಟ್ಟುಸಿರುಬಿಡುವುದು ಲೋಕರೂಢಿ. ಈ ಮಾತನ್ನು ನಾವು ವಿಮರ್ಶೆಯೆಂದೇ ಭಾವಿಸುತ್ತೇವೆ. ಆದರೆ ಆ ಒಂದು ಮಾತಿನೊಳಗೆ ಮೂರು ಮಾತುಗಳು ಅಡಗಿರಬಹುದು. ಕಲಾವಿದನು ಬದಲಾಗಿದ್ದಾನೆ ಎಂಬುದು ಒಂದು. ಅವನ ಕಲೆ ಕೆಟ್ಟಿದೆ ಎಂಬುದು ಎರಡನೆಯದು. ಕೇಳುವ ನಾವೇ ಬದಲಾಗಿದ್ದೇವೆ ಎಂಬುದು ಮೂರನೆಯದು. ಮೊದಲನೆಯದು ಸಂಗತಿ, ಎರಡನೆಯದು ತೀರ್ಪು, ಮೂರನೆಯದು ಆತ್ಮಪರೀಕ್ಷೆ. ಇವುಗಳನ್ನು ಒಂದರೊಡನೊಂದು ಬೆರೆಸಿಬಿಡುವುದರಿಂದಲೇ ಅಭಿಮಾನಿಗಳ ವಾದಗಳು ಕೊನೆಗಾಣುವುದಿಲ್ಲ. ನಾರ್ವೆ ದೇಶದ ಡಿಮ್ಮು ಬೋರ್ಗಿರ್ ಎಂಬ ಸಂಗೀತ ತಂಡದ ನಿದರ್ಶನದಿಂದ ಈ ಮೂರನ್ನೂ ಬಿಡಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಈ ತಂಡವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇದು ತನ್ನ ಹಳೆಯ ಆಲ್ಬಮೊಂದನ್ನು ಒಂಬತ್ತು ವರ್ಷಗಳ ಮೇಲೆ ತಾನೇ ಮತ್ತೆ ನುಡಿಸಿ ಮುದ್ರಿಸಿತು. ಅಭಿಪ್ರಾಯದ ಪರೀಕ್ಷೆಗೆ ಇಂಥ ಅನುಕೂಲ ಬಹಳ ವಿರಳ.

ಮೊದಲು ಈ ಸಂಗೀತದ ಸ್ವರೂಪವನ್ನು ತಿಳಿಯಬೇಕು. ಬ್ಲ್ಯಾಕ್ ಮೆಟಲ್ ಎಂಬುದು ರಾಕ್ ಸಂಗೀತದ ಅತ್ಯಂತ ಉಗ್ರವಾದ ಕವಲುಗಳಲ್ಲಿ ಒಂದು. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಕರ್ಕಶಗೊಳಿಸಿ, ತಂತಿಗಳನ್ನು ಎಡೆಬಿಡದೆ ವೇಗವಾಗಿ ಮೀಟುತ್ತಾರೆ. ಡ್ರಮ್ಮುಗಳು ಮಳೆ ಹೊಡೆದಂತೆ ಬಡಿಯುತ್ತವೆ. ಹಾಡುಗಾರನು ಹಾಡುವುದಕ್ಕಿಂತ ಚೀರುತ್ತಾನೆನ್ನಬೇಕು. ಈ ಭೋರ್ಗರೆತದ ಮೇಲೆ, ಕೇಳಿದವರ ಮನಸ್ಸಿನಲ್ಲಿ ನಿಲ್ಲುವಂತಹ ಸ್ಪಷ್ಟವಾದ ಸ್ವರಪಂಕ್ತಿಯನ್ನು ಗಿಟಾರಿನಲ್ಲಿಯೋ ಕೀಬೋರ್ಡಿನಲ್ಲಿಯೋ ತೇಲಿಸಿದರೆ ಅದು ಮೆಲೋಡಿಕ್ ಬ್ಲ್ಯಾಕ್ ಮೆಟಲ್ ಎನಿಸಿಕೊಳ್ಳುತ್ತದೆ.

1990ರ ದಶಕದ ಆರಂಭದಲ್ಲಿ ನಾರ್ವೆಯ ತರುಣರ ಸಣ್ಣ ವೃತ್ತವೊಂದು ಈ ಸಂಗೀತವನ್ನು ಒಂದು ಮತದಂತೆ ಹಿಡಿದುಕೊಂಡಿತು. ಆ ವೃತ್ತದ ಹೆಸರಿಗೆ ರಕ್ತ ಮತ್ತು ಬೆಂಕಿಯ ಕಳಂಕವೂ ಅಂಟಿದೆ. 1992ರಲ್ಲಿ ಬರ್ಗೆನ್ ನಗರದ ಬಳಿಯ ಫಾಂಟಾಫ್ಟ್ ಎಂಬಲ್ಲಿನ ಪುರಾತನ ಮರದ ಚರ್ಚು ಸುಟ್ಟುಹೋಯಿತು. 1993ರಲ್ಲಿ ಮೇಹೆಮ್ ತಂಡದ ಗಿಟಾರ್ ವಾದಕನ ಕೊಲೆಯಾಯಿತು. ಈ ದುಷ್ಕೃತ್ಯಗಳನ್ನು ಇಲ್ಲಿ ನೆನೆದುದು ಆ ಕಾಲದ ಕೇಳುಗರ ಮನೋಧರ್ಮ ತಿಳಿಯಲೆಂದು ಮಾತ್ರ. ಜನಪ್ರಿಯತೆ ಅವರಿಗೆ ಕಳಂಕ, ಮರೆಯಲ್ಲಿರುವುದೇ ಹಿರಿಮೆ. ಧ್ವನಿಮುದ್ರಣದ ಒರಟುತನವೂ ಅವರಿಗೆ ಒಂದು ವ್ರತವಾಗಿತ್ತು. 1994ರಲ್ಲಿ ಡಾರ್ಕ್‌ಥ್ರೋನ್ ತಂಡದವರು ಹೊರತಂದ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಎಂಬ ಆಲ್ಬಮ್ಮಿನ ಒರಟು ನಾದವು ಅವರೇ ಬಯಸಿ ಪಡೆದುದು. ನಯವಾದುದು ಸುಳ್ಳು, ಒರಟಾದುದು ಸತ್ಯ ಎಂಬ ನಂಬಿಕೆಯೊಂದು ಹೀಗೆ ಬೇರೂರಿತು. ಮುಂದೆ ಹೇಳುವ ಎಲ್ಲ ಮನಸ್ತಾಪಗಳ ಬೀಜವೂ ಇದರಲ್ಲಿಯೇ ಇದೆ.

ಡಿಮ್ಮು ಬೋರ್ಗಿರ್ ಹುಟ್ಟಿದುದು 1993ರಲ್ಲಿ, ಇದೇ ವಾತಾವರಣದಲ್ಲಿ. ಐಸ್‌ಲೆಂಡಿನ ಮೀವಾತ್ನ್ ಸರೋವರದ ಸಮೀಪದಲ್ಲಿ ಲಾವಾ ಹೆಪ್ಪುಗಟ್ಟಿ ನಿಂತಿರುವ ವಿಚಿತ್ರಾಕೃತಿಯ ಬಂಡೆಗಳಿಗೆ ಈ ಹೆಸರಿದೆ. ಕತ್ತಲ ಕೋಟೆಗಳು ಎಂದು ಅದರ ಅರ್ಥ. ಶಾಗ್ರಾಥ್ ಮತ್ತು ಸಿಲೆನೋಜ್ ಎಂಬ ವೇಷನಾಮಗಳನ್ನು ಧರಿಸಿದ ಇಬ್ಬರು ಮೊದಲಿನಿಂದಲೂ ಇದರ ಆಧಾರಸ್ತಂಭಗಳು. 1996ರಲ್ಲಿ ಇವರ ಎರಡನೆಯ ಆಲ್ಬಮ್ ‘ಸ್ಟೊರ್ಮ್‌ಬ್ಲೋಸ್ಟ್’ ಹೊರಬಂದಿತು. ಅದರ ಪದ್ಯಗಳೆಲ್ಲ ನಾರ್ವೇಜಿಯನ್ ಭಾಷೆಯಲ್ಲಿವೆ. ಗತಿ ನಿಧಾನ, ಕೀಬೋರ್ಡಿನ ನಾದದಲ್ಲಿ ವಿಷಾದ ತುಂಬಿದೆ, ಮುದ್ರಣ ತೆಳುವಾಗಿ, ದೂರದಿಂದ ಕೇಳಿದಂತಿದೆ. ಮೊದಲ ಅಭಿಮಾನಿಗಳು ಪ್ರೀತಿಸಿದುದು ಈ ತಂಡವನ್ನು.

ಮರುವರ್ಷವೇ, ಅಂದರೆ 1997ರಲ್ಲಿ, ‘ಎಂತ್ರೋನ್ ಡಾರ್ಕ್‌ನೆಸ್ ಟ್ರಯಂಫಂಟ್’ ಬಂದಿತು. ಪದ್ಯಗಳು ಬಹುತೇಕ ಇಂಗ್ಲಿಷಿನಲ್ಲಿದ್ದವು. ಪ್ರಕಾಶಕರು ಜರ್ಮನಿಯ ನ್ಯೂಕ್ಲಿಯರ್ ಬ್ಲಾಸ್ಟ್ ಕಂಪನಿಯವರು. ಮುದ್ರಣ ನಡೆದುದು ಸ್ವೀಡನ್ನಿನಲ್ಲಿ, ಪೀಟರ್ ಟೇಗ್ಟ್‌ಗ್ರೆನ್ನರ ಅಬಿಸ್ ಸ್ಟುಡಿಯೋದಲ್ಲಿ. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ, ಬಲವಾಗಿ ಕೇಳಿಸುತ್ತದೆ. ಕೇಳುಗರ ಸಂಖ್ಯೆ ಬೆಳೆಯಿತು. ಅದರೊಡನೆ “ಇವರು ಮಾರಿಕೊಂಡರು” ಎಂಬ ಆಕ್ಷೇಪವೂ ಹುಟ್ಟಿತು. ಈ ಆಕ್ಷೇಪವನ್ನು ಸ್ವಲ್ಪ ಪರೀಕ್ಷಿಸಬೇಕು. ಭಾಷೆ ಬದಲಾದುದು, ನಾದ ನಯವಾದುದು ಕಿವಿಗೆ ಕೇಳಿಸುವ ಸಂಗತಿಗಳು. ಪ್ರಕಾಶಕರು ದೊಡ್ಡವರು, ಕೊಳ್ಳುವವರು ಹೆಚ್ಚು ಎಂಬುದಾದರೋ ಯಾವ ಸ್ವರದಲ್ಲಿಯೂ ಕೇಳಿಸತಕ್ಕದ್ದಲ್ಲ. ಆದರೂ ಅಭಿಪ್ರಾಯವನ್ನು ರೂಪಿಸುವುದರಲ್ಲಿ ಈ ಕೇಳಿಸದ ಸಂಗತಿಗಳ ಪಾತ್ರ ಕೇಳಿಸುವವುಗಳಿಗಿಂತ ಕಡಿಮೆಯಾಗಿರಲಿಲ್ಲ.

ತಂಡ ಅಲ್ಲಿಗೆ ನಿಲ್ಲಲಿಲ್ಲ. 2001ರ ‘ಪ್ಯೂರಿಟಾನಿಕಲ್ ಯೂಫೋರಿಕ್ ಮಿಸಾಂತ್ರೋಪಿಯಾ’ದಲ್ಲಿ ಕೀಬೋರ್ಡಿನ ಜೊತೆಗೆ ನಿಜವಾದ ಪಿಟೀಲುಗಳೇ ಬಂದವು. 2003ರ ‘ಡೆತ್ ಕಲ್ಟ್ ಆರ್ಮಗೆಡನ್’ನಲ್ಲಿ ಪ್ರಾಗ್ ನಗರದ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ನುಡಿಸಿತು. 2007ರ ‘ಇನ್ ಸೋರ್ಟೆ ಡಿಯಾಬೊಲಿ’ ನಾರ್ವೆಯ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. 2009ರಲ್ಲಿ ಕೀಬೋರ್ಡ್ ವಾದಕ ಮುಸ್ಟಿಸ್ ಮತ್ತು ಸುಶ್ರಾವ್ಯ ಕಂಠದ ಬಾಸ್ ವಾದಕ ವೋರ್ಟೆಕ್ಸ್ ಇಬ್ಬರೂ ತಂಡದಿಂದ ಬೇರೆಯಾದರು. 2010ರ ‘ಅಬ್ರಹದಾಬ್ರ’ದಲ್ಲಿ ನಾರ್ವೆಯ ರೇಡಿಯೋ ವಾದ್ಯವೃಂದವೂ ಗಾಯಕವೃಂದವೂ ಸೇರಿಕೊಂಡವು, 2011ರಲ್ಲಿ ಇವರೆಲ್ಲರೂ ಒಂದೇ ವೇದಿಕೆಯ ಮೇಲೆ ಆಸ್ಲೋದಲ್ಲಿ ಕಛೇರಿ ನಡೆಸಿದರು. ಎರಡು ದಶಕಗಳ ಹಿಂದೆ ಸಮಾಜಕ್ಕೆ ಬೆನ್ನು ತಿರುಗಿಸುವುದೇ ಧರ್ಮವೆಂದಿದ್ದ ಸಂಗೀತಕ್ಕೆ ಈಗ ರಾಷ್ಟ್ರದ ಪ್ರಸಾರ ಸಂಸ್ಥೆಯ ವಾದ್ಯವೃಂದವೇ ಪಕ್ಕವಾದ್ಯ ನುಡಿಸಿತೆಂದ ಮೇಲೆ, ಹಳೆಯ ವ್ರತಧಾರಿಗಳ ಮನಸ್ಸು ಹೇಗಾಗಿರಬೇಡ! ಮುಂದಿನ ಆಲ್ಬಮ್ ‘ಇಯೋನಿಯನ್’ ಬಂದುದು ಎಂಟು ವರ್ಷಗಳ ಮೇಲೆ, 2018ರಲ್ಲಿ. ಅದರಲ್ಲಿ ಗಾಯಕವೃಂದದ ಪಾಲು ಬಲು ದೊಡ್ಡದು.

ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಪ್ರತಿಯೊಂದು ಘಟ್ಟದಲ್ಲಿಯೂ “ಇಲ್ಲಿಗೆ ಇವರ ಕಥೆ ಮುಗಿಯಿತು” ಎಂದವರಿದ್ದಾರೆ. ಆದರೆ ಕಥೆ ಮುಗಿದ ಗೆರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಡೆ. 1996ನ್ನು ಪ್ರೀತಿಸಿದವರಿಗೆ 1997 ಪತನ. 1997ರಲ್ಲಿ ಬಂದು ಸೇರಿದವರಿಗೆ ಅದೇ ಸುವರ್ಣಯುಗ, 2001 ಅತಿರೇಕ. 2003ರಲ್ಲಿ ಬಂದವರಿಗೆ ವಾದ್ಯವೃಂದವಿಲ್ಲದ ಡಿಮ್ಮು ಬೋರ್ಗಿರ್ ಕಲ್ಪನೆಗೇ ಬಾರದು. ಅವರ ದುಃಖವೇನಿದ್ದರೂ 2009ರ ಅಗಲಿಕೆಯ ಮೇಲಿನದು. ಒಂದು ತಲೆಮಾರಿನವರು ಅವನತಿಯೆಂದುದನ್ನೇ ಮುಂದಿನ ತಲೆಮಾರಿನವರು ಶಿಖರವೆನ್ನುತ್ತಾರೆ.

ಹಾಗಾದರೆ ಇದೆಲ್ಲವೂ ಬರಿಯ ನೆನಪಿನ ಮೋಹವೇ? ಮನಶ್ಶಾಸ್ತ್ರಜ್ಞರು ಈ ಪಕ್ಷಕ್ಕೆ ಬಲ ಕೊಡುತ್ತಾರೆ. ಮತ್ತೆ ಮತ್ತೆ ಎದುರಾದ ವಸ್ತುವಿನ ಮೇಲೆ ಒಲವು ಬೆಳೆಯುತ್ತದೆಂಬುದನ್ನು 1968ರಲ್ಲಿ ರಾಬರ್ಟ್ ಜಯಾನ್ಸ್ ತೋರಿಸಿಕೊಟ್ಟರು. 1989ರಲ್ಲಿ ಮೋರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬವರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡುಗಳನ್ನು ಕೇಳಿಸಿ ಪರೀಕ್ಷಿಸಿದಾಗ, ತಮಗೆ ಸುಮಾರು 24 ವರ್ಷವಾಗಿದ್ದಾಗ ಪ್ರಚಲಿತವಾಗಿದ್ದ ಹಾಡುಗಳನ್ನು ಜನರು ಹೆಚ್ಚಾಗಿ ಮೆಚ್ಚುತ್ತಾರೆಂದು ಕಂಡುಬಂದಿತು. ಯೌವನದಲ್ಲಿ ಕೇಳಿದುದು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಅನಂತರ ಬಂದುದನ್ನೆಲ್ಲ ಆ ಅಚ್ಚಿನೊಡನೆ ಹೋಲಿಸಿ ಕೊರತೆ ಹೇಳುತ್ತೇವೆ. ಆದರೆ ಈ ಸಿದ್ಧಾಂತದಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ. 1996ರಲ್ಲಿ ಇನ್ನೂ ಹುಟ್ಟಿರದ ತರುಣರಲ್ಲಿಯೂ ‘ಸ್ಟೊರ್ಮ್‌ಬ್ಲೋಸ್ಟ್’ ಆಲ್ಬಮ್ಮನ್ನೇ ಮೇಲೆನ್ನುವವರಿದ್ದಾರೆ. ಅವರಿಗೆ ಅದು ನೆನಪಲ್ಲ. ಅಲ್ಲಿ ಬೇರೊಂದು ಕಾರಣವನ್ನು ಹುಡುಕಬೇಕು.

ಆರಂಭದಲ್ಲಿ ಹೇಳಿದ ಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. 2005ರಲ್ಲಿ ತಂಡದವರು ‘ಸ್ಟೊರ್ಮ್‌ಬ್ಲೋಸ್ಟ್’ ಆಲ್ಬಮ್ಮನ್ನು ಹೊಸದಾಗಿ ಮುದ್ರಿಸಿದರು. ಬಹುಪಾಲು ಹಾಡುಗಳು ಅವೇ, ಪದ್ಯಗಳು ಅವೇ. ನಡುವೆ ನಿಂತವರು ಅದೇ ಶಾಗ್ರಾಥ್ ಮತ್ತು ಸಿಲೆನೋಜ್. ಡ್ರಮ್ ನುಡಿಸಿದವರು ಮೇಹೆಮ್ ತಂಡದ ಹೆಲ್‌ಹ್ಯಾಮರ್. ಆ ವಾದ್ಯದಲ್ಲಿ ಅವರ ನೈಪುಣ್ಯ ನಿರ್ವಿವಾದ. ಮುದ್ರಣವೂ ಹಿಂದಿನದಕ್ಕಿಂತ ಎಷ್ಟೋ ಪುಷ್ಟವಾಗಿತ್ತು. ಲೆಕ್ಕಾಚಾರದಂತೆ ಎಲ್ಲರೂ ಇದನ್ನೇ ಮೆಚ್ಚಬೇಕಾಗಿತ್ತು. ಹಾಗಾಗಲಿಲ್ಲ, ಹಳೆಯದೇ ಮೇಲೆಂದು ಅನೇಕರು ಅಲ್ಲಿಯೇ ಉಳಿದರು. ಇದನ್ನು ಹಟವೆಂದು ತಳ್ಳಿಹಾಕುವುದು ಸುಲಭ. ಎರಡನ್ನೂ ಒಂದಾದಮೇಲೊಂದು ಕೇಳಿದರೆ ಬೇರೊಂದು ವಿಷಯ ಹೊಳೆಯುತ್ತದೆ. ಆ ಹಾಡುಗಳನ್ನು ಕಟ್ಟಿದುದೇ ತೆಳುವಾದ ನಾದಕ್ಕಾಗಿ. ಗಿಟಾರು ಹಿಂದೆ ಸರಿದು ಕೀಬೋರ್ಡು ಮಂಜಿನಂತೆ ಕವಿಯುವುದೇ ಅಲ್ಲಿನ ರಸಪೋಷಣೆಗೆ ಸಾಧನ. ಡ್ರಮ್ಮಿಗೆ ಬಲ ಬಂದೊಡನೆ ಆ ಮಂಜು ಚದುರಿತು. ನಮ್ಮ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಕೆಟ್ಟುದು ಔಚಿತ್ಯ. ಒಂದೊಂದು ಅಂಗವೂ ಉತ್ತಮವಾಗಿರಬಹುದು. ಕೂಡಿದಾಗ ಹುಟ್ಟಬೇಕಾದ ಭಾವ ಹುಟ್ಟಲಿಲ್ಲ. ಹೀಗೆ, ಹಳೆಯದನ್ನು ಮೆಚ್ಚಿದವರ ಪಕ್ಷದಲ್ಲಿ ಕಿವಿಗೆ ಕೇಳಿಸುವ, ವಾದಕ್ಕೆ ನಿಲ್ಲುವ ಕಾರಣವೊಂದು ದೊರೆಯಿತು.

ಆದರೆ ಅದೇ ಆಲ್ಬಮ್ಮು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಹಳೆಯ ‘ಸ್ಟೊರ್ಮ್‌ಬ್ಲೋಸ್ಟ್’ ಶುದ್ಧವಾದುದು, ಯಾರ ಹಂಗೂ ಇಲ್ಲದುದು ಎಂದು ಹೊಗಳುವುದು ವಾಡಿಕೆ. ವಸ್ತುಸ್ಥಿತಿ ಬೇರೆ. ಅದರ ಮೊದಲನೆಯ ಹಾಡಿನ ಪ್ರಾರಂಭದ ಕೀಬೋರ್ಡ್ ಸ್ವರಗಳು ಬ್ರಿಟನ್ನಿನ ಮ್ಯಾಗ್ನಮ್ ಎಂಬ ರಾಕ್ ತಂಡದವರ 1982ರ ‘ಸೇಕ್ರೆಡ್ ಅವರ್’ ಹಾಡಿನವು. ‘ಸೋರ್ಗೆನ್ಸ್ ಕಾಮರ್’ ಎಂಬ ವಾದ್ಯಕೃತಿಯು ‘ಆಗನಿ’ ಎಂಬ ಕಂಪ್ಯೂಟರ್ ಆಟಕ್ಕೆ ಟಿಮ್ ರೈಟ್ ರಚಿಸಿದ ಸಂಗೀತ. 2005ರ ಮುದ್ರಣದಲ್ಲಿ ಮೊದಲನೆಯದನ್ನು ಕೈಬಿಟ್ಟು, ಎರಡನೆಯದರ ಸ್ಥಾನದಲ್ಲಿ ಹೊಸ ರಚನೆಯನ್ನು ಇಟ್ಟರು. ಅಂತೂ ಜನಪ್ರಿಯತೆಯನ್ನು ಧಿಕ್ಕರಿಸಿದ ಕೃತಿಯೆಂದು ಅಭಿಮಾನಿಗಳು ಎದೆಗೊತ್ತಿಕೊಂಡಿದ್ದ ಆಲ್ಬಮ್ಮಿನ ಹೆಬ್ಬಾಗಿಲಿನಲ್ಲಿಯೇ ಬೇರೆಯವರ ಜನಪ್ರಿಯ ಸಂಗೀತದ ಕಂಬವೊಂದು ನಿಂತಿತ್ತು. ಅದು ಇಂಪಾಗಿರುವುದು ನಿಜ. ಆ ಇಂಪನ್ನು ಮೆಚ್ಚಿದವರು ತಪ್ಪೇನೂ ಮಾಡಲಿಲ್ಲ. ಆದರೆ “ಆಗ ಇವರು ಪ್ರಾಮಾಣಿಕರು, ಈಗ ಅಲ್ಲ” ಎಂಬ ವಾದ ಮಾತ್ರ ಇಲ್ಲಿ ಕುಸಿಯುತ್ತದೆ. ಕೃತಿಯ ಗುಣ ಬೇರೆ, ಕರ್ತೃವಿನ ಶೀಲದ ಬಗ್ಗೆ ನಾವು ಕಟ್ಟಿಕೊಂಡ ಕಥೆ ಬೇರೆ.

ಈಗ ಮೂರು ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತಿವೆ. ಒಂದು, ಕೇಳಿಸುವ ಕಾರಣ: ಗತಿ, ನಾದ, ವಾದ್ಯಗಳ ಹೊಂದಾಣಿಕೆ. ಎರಡು, ಕೇಳುಗನ ಕಾಲ: ಅವನು ಯಾವ ವಯಸ್ಸಿನಲ್ಲಿ, ಯಾವ ಬಾಗಿಲಿನಿಂದ ಒಳಗೆ ಬಂದನೆಂಬುದು. ಮೂರು, ಕೇಳುಗನ ನಂಬಿಕೆ: ಕಲಾವಿದನು ತನಗೆ ಏನನ್ನು ಸಲ್ಲಿಸಬೇಕೆಂದು ಅವನು ಎಣಿಸಿದ್ದಾನೆಂಬುದು. ಮೊದಲನೆಯದನ್ನು ಕುರಿತು ಇನ್ನೊಬ್ಬರೊಡನೆ ವಾದಿಸಬಹುದು. ಇಬ್ಬರೂ ಒಂದೇ ಹಾಡನ್ನು ಕೇಳಿ ಬೆರಳಿಟ್ಟು ತೋರಿಸಬಹುದು. ಎರಡನೆಯದನ್ನು ವಾದಿಸಲಾಗದು, ಹೇಳಿಕೊಳ್ಳಬಹುದಷ್ಟೆ. ಮೂರನೆಯದನ್ನು ಹೇಳಿಕೊಳ್ಳುವ ಮೊದಲು ನಾವೇ ಒಮ್ಮೆ ಪ್ರಶ್ನಿಸಿಕೊಳ್ಳಬೇಕು.

ಹಾಗೆಂದು ಅಭಿಮಾನಿಯ ಅಸಮಾಧಾನವನ್ನೆಲ್ಲ ಮನಶ್ಶಾಸ್ತ್ರದ ತಕ್ಕಡಿಗೆ ಹಾಕಿ ತೂಗಿಬಿಡುವುದೂ ಅನ್ಯಾಯವೇ. 2003ರ ‘ಪ್ರೊಜೆನೀಸ್ ಆಫ್ ದ ಗ್ರೇಟ್ ಅಪಾಕಲಿಪ್ಸ್’ ಎಂಬ ಹಾಡಿನಲ್ಲಿ ವಾದ್ಯವೃಂದವೇ ಮುಖ್ಯ ಸ್ವರಪಂಕ್ತಿಯನ್ನು ಹೊತ್ತು ನಡೆಯುತ್ತದೆ. ಅದನ್ನು ತೆಗೆದರೆ ಹಾಡೇ ಇಲ್ಲ. 2018ರ ಆಲ್ಬಮ್ಮಿನಲ್ಲಿಯಾದರೋ ಹಲವು ಕಡೆ ಗಾಯಕವೃಂದವು ಗಿಟಾರಿನ ಕೆಲಸವನ್ನು ತಾನೇ ವಹಿಸಿಕೊಂಡು ಅದನ್ನು ಮೂಲೆಗೆ ಸರಿಸಿದೆಯೆಂದು ಈ ಲೇಖಕನಿಗೆ ತೋರುತ್ತದೆ. ಅದನ್ನು ಕೇಳಿ “ಮೊದಲಿನಂತಿಲ್ಲ” ಎಂದವನ ಮಾತಿನಲ್ಲಿ ಹುರುಳಿದೆ. ಆದರೆ ಅವನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಯಾವ ಹಾಡಿನಲ್ಲಿ, ಯಾವ ಎಡೆಯಲ್ಲಿ, ಏನು ಕಳೆಯಿತೆಂದು ಹೇಳಬೇಕು. ಹಾಗೆ ಹೇಳಿದ ದಿನ ಅವನು ಅಭಿಮಾನಿಯ ಪದವಿಯಿಂದ ಸಹೃದಯನ ಪದವಿಗೆ ಏರುತ್ತಾನೆ.

ಹಳತು ಹೊಸತುಗಳನ್ನು ಹೇಗೆ ತೂಗಬೇಕೆಂಬ ಪ್ರಶ್ನೆಯನ್ನು ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಎತ್ತಿದ್ದಾನೆಂಬುದು ಸಂಸ್ಕೃತ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಪ್ರಶ್ನೆ ಅಷ್ಟು ಹಳೆಯದಾದರೂ ನಮ್ಮ ತರಗತಿಗಳಲ್ಲಿ ಅದು ದಿನವೂ ಹೊಸದು. ಕವಿಯೊಬ್ಬನ ಮೊದಲ ಸಂಕಲನವೇ ಶ್ರೇಷ್ಠ, ಕಾದಂಬರಿಕಾರನೊಬ್ಬನು ಪ್ರಶಸ್ತಿ ಬಂದ ಮೇಲೆ ಕೆಟ್ಟನು ಎಂದು ಉತ್ತರಪತ್ರಿಕೆಯಲ್ಲಿಯೂ ಹರಟೆಯಲ್ಲಿಯೂ ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ದೂರದ ನಾರ್ವೆಯ ಈ ಗದ್ದಲದ ಸಂಗೀತದಿಂದ ಕಲಿಯಬೇಕಾದುದು ಇಷ್ಟೆ: ತೀರ್ಪು ಕೊಡುವ ಮೊದಲು, ಅದರಲ್ಲಿ ಕೃತಿಯ ಪಾಲೆಷ್ಟು, ನಮ್ಮ ವಯಸ್ಸಿನ ಪಾಲೆಷ್ಟು, ನಮ್ಮ ನಂಬಿಕೆಯ ಪಾಲೆಷ್ಟು ಎಂದು ಲೆಕ್ಕ ಹಾಕಿ, ಕೃತಿಯ ಪಾಲಿಗೆ ಬಂದುದನ್ನು ಮಾತ್ರ ಕೃತಿಯ ಮೇಲೆ ಹೊರಿಸಬೇಕು.