ಡೇಟಾಬೇಸ್ ಸಂಪರ್ಕ ಕಡಿದರೂ ಸರ್ವರ್ ನಿಲ್ಲದಿರಲಿ

ನೋಡ್ ಜೆಎಸ್‌ನಲ್ಲಿ ಬರೆದು ಮೈಎಸ್‌ಕ್ಯೂಎಲ್‌ಗೆ ಜೋಡಿಸಿದ ಆ್ಯಪ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆಯೊಂದಿದೆ. ಸಂಜೆಯವರೆಗೆ ಸರಾಗವಾಗಿ ನಡೆದ ಸರ್ವರ್ ಬೆಳಗಾಗುವಷ್ಟರಲ್ಲಿ ನಿಂತಿರುತ್ತದೆ. ಲಾಗ್ ತೆರೆದರೆ ‘ಪ್ರೊಟೊಕಾಲ್ ಕನೆಕ್ಷನ್ ಲಾಸ್ಟ್’ ಎಂಬ ಎರರ್. ಮೈಎಸ್‌ಕ್ಯೂಎಲ್‌ನ ‘ವೇಟ್ ಟೈಮ್‌ಔಟ್’ ಮೂಲತಃ 28,800 ಸೆಕೆಂಡ್, ಅಂದರೆ 8 ಗಂಟೆ. ಅಷ್ಟು ಹೊತ್ತು ಕೆಲಸವಿಲ್ಲದೆ ಉಳಿದ ಸಂಪರ್ಕವನ್ನು ಡೇಟಾಬೇಸ್ ತಾನೇ ಮುಚ್ಚುತ್ತದೆ. ಅದು ರೀಸ್ಟಾರ್ಟ್ ಆದಾಗಲೂ, ನಡುವಿನ ಫೈರ್‌ವಾಲ್ ಸಂಪರ್ಕ ಕತ್ತರಿಸಿದಾಗಲೂ ಪರಿಣಾಮ ಅದೇ. ಕಡಿಯುವುದು ಇಷ್ಟು ಸಹಜವಾಗಿರುವಾಗ, ಒಂದೇ ಸಂಪರ್ಕವನ್ನು ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಯಾವ ಸಂಪರ್ಕ ಹೋದರೂ ಕೆಲಸ ಸಾಗುವಂತೆ ಕೋಡ್ ಬರೆಯುವುದೇ ಸರಿಯಾದ ದಾರಿ.

ಮೊದಲ ಹೆಜ್ಜೆ, ‘ಕ್ರಿಯೇಟ್ ಕನೆಕ್ಷನ್’ ಬಿಟ್ಟು ‘ಕ್ರಿಯೇಟ್ ಪೂಲ್’ ಬಳಸುವುದು. ಪೂಲ್ ಕೆಟ್ಟ ಸಂಪರ್ಕವನ್ನು ಕೈಬಿಟ್ಟು, ಬೇಕಾದಾಗ ಹೊಸದನ್ನು ತೆರೆಯುತ್ತದೆ. ‘ಮೈಎಸ್‌ಕ್ಯೂಎಲ್2’ ಲೈಬ್ರರಿಯಲ್ಲಿ ಪೂಲ್‌ನ ಮೂಲ ಮಿತಿ 10 ಸಂಪರ್ಕ; ಡೇಟಾಬೇಸ್‌ನ ಒಟ್ಟು ಮಿತಿ ಮೂಲತಃ 151. ಆ್ಯಪ್‌ನ 16 ಪ್ರತಿಗಳು ಓಡುತ್ತಿದ್ದರೆ 160 ಸಂಪರ್ಕಗಳಾಗಿ ಮಿತಿ ಮೀರಬಹುದು, ಹಾಗಾಗಿ ಈ ಗುಣಾಕಾರವನ್ನು ಮೊದಲೇ ಮಾಡಿಕೊಳ್ಳಿ. ಎರಡನೆಯ ಹೆಜ್ಜೆ, ಪೂಲ್‌ನಿಂದ ಕೈಯಾರೆ ಪಡೆದ ಸಂಪರ್ಕವನ್ನು ‘ಫೈನಲಿ’ ಭಾಗದಲ್ಲಿ ತಪ್ಪದೆ ‘ರಿಲೀಸ್’ ಮಾಡುವುದು. ಮರೆತರೆ ಪೂಲ್ ಬರಿದಾಗಿ ಹೊಸ ಕೋರಿಕೆಗಳು ಕಾಯುತ್ತಲೇ ಉಳಿಯುತ್ತವೆ. ಮೂರನೆಯದು, ‘ಎರರ್’ ಇವೆಂಟ್ ಕೇಳಿಸಿಕೊಳ್ಳುವುದು. ಅದನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ನೋಡ್ ಇಡೀ ಪ್ರಾಸೆಸನ್ನೇ ನಿಲ್ಲಿಸಿಬಿಡುತ್ತದೆ. ಪೋಸ್ಟ್‌ಗ್ರೆಸ್‌ನ ‘ಪಿಜಿ’ ಲೈಬ್ರರಿ ಬಳಸುವವರು ಪೂಲ್‌ಗೂ ಇದನ್ನು ಜೋಡಿಸಬೇಕು.

ಇಷ್ಟೆಲ್ಲ ಏಕೆ, ಟೈಮ್‌ಔಟ್ ಹೆಚ್ಚಿಸಿದರೆ ಅಥವಾ ಗಂಟೆಗೊಮ್ಮೆ ‘ಸೆಲೆಕ್ಟ್ 1’ ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಇವು ಸುಮ್ಮನಿದ್ದು ಕಡಿಯುವುದನ್ನು ಮುಂದೂಡುತ್ತವೆ, ಆದರೆ ಡೇಟಾಬೇಸ್ ರೀಸ್ಟಾರ್ಟ್ ಆದರೆ ಉಪಯೋಗಕ್ಕೆ ಬಾರವು. ಕುಸಿದರೆ ‘ಪಿಎಂ2’ ಮತ್ತೆ ಎಬ್ಬಿಸುತ್ತದಲ್ಲ ಎಂಬ ವಾದವೂ ಉಂಟು. ಎಬ್ಬಿಸುತ್ತದೆ, ನಿಜ, ಆದರೆ ಕುಸಿದ ಗಳಿಗೆಯಲ್ಲಿ ಅರ್ಧದಲ್ಲಿದ್ದ ಎಲ್ಲರ ಕೋರಿಕೆಗಳೂ ಅದರೊಡನೆ ಹೋಗುತ್ತವೆ. ಒಂದು ಸಂಪರ್ಕದ ದೋಷಕ್ಕೆ ಎಲ್ಲ ಬಳಕೆದಾರರೂ ಬೆಲೆ ತೆರುವಂತಾಗಬಾರದು.

ನಾಲ್ಕನೆಯ ಹೆಜ್ಜೆಯಾದ ಮರುಪ್ರಯತ್ನದಲ್ಲಿ ಹೆಚ್ಚಿನ ಎಚ್ಚರ ಬೇಕು. ದತ್ತಾಂಶ ಓದುವ ಕ್ವೆರಿಯನ್ನು ಹೊಸ ಸಂಪರ್ಕದಲ್ಲಿ ನಿಶ್ಚಿಂತೆಯಿಂದ ಮತ್ತೆ ಕಳಿಸಬಹುದು. ಟ್ರಾನ್ಸಾಕ್ಷನ್ ನಡುವೆ, ‘ಕಮಿಟ್’ಗೆ ಮೊದಲೇ ಸಂಪರ್ಕ ಕಡಿದರೆ ಡೇಟಾಬೇಸ್ ಅಷ್ಟನ್ನೂ ರೋಲ್‌ಬ್ಯಾಕ್ ಮಾಡುತ್ತದೆ, ಅದನ್ನು ಮೊದಲಿನಿಂದಲೇ ಶುರುಮಾಡಬೇಕು. ‘ಕಮಿಟ್’ ಕಳಿಸಿ ಉತ್ತರ ಬರುವ ಮೊದಲು ಕಡಿದರೆ ಮಾತ್ರ, ಹಣ ಜಮೆಯಾಯಿತೋ ಇಲ್ಲವೋ ಆ್ಯಪ್‌ಗೆ ತಿಳಿಯದು. ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಒಂದೇ ಪಾವತಿ ಎರಡು ಬಾರಿ ದಾಖಲಾಗಬಹುದು. ಅದಕ್ಕಾಗಿ ಪ್ರತಿ ಕೋರಿಕೆಗೂ ಬೇರೆ ಬೇರೆ ಗುರುತುಸಂಖ್ಯೆ ಕೊಟ್ಟು, ಅದನ್ನು ದಾಖಲಿಸುವ ಕಾಲಮ್‌ಗೆ ‘ಯುನೀಕ್’ ನಿಬಂಧನೆ ಹಾಕಿ. ಅದೇ ಸಂಖ್ಯೆಯ ಎರಡನೆಯ ದಾಖಲೆಯನ್ನು ಡೇಟಾಬೇಸೇ ತಡೆಯುತ್ತದೆ. ಪ್ರಯತ್ನಗಳ ನಡುವಿನ ಅಂತರ 200, 400, 800 ಮಿಲಿಸೆಕೆಂಡ್ ಎಂದು ಬೆಳೆಯಲಿ, ಜೊತೆಗೆ ತುಸು ಏರುಪೇರೂ ಇರಲಿ. ಇಲ್ಲವಾದರೆ ಆಗಷ್ಟೇ ಎದ್ದ ಡೇಟಾಬೇಸ್ ಮೇಲೆ ಎಲ್ಲ ಪ್ರತಿಗಳೂ ಒಟ್ಟಿಗೆ ಮುಗಿಬೀಳುತ್ತವೆ. ಮೂರು ಬಾರಿ ವಿಫಲವಾದರೆ ಬಳಕೆದಾರರನ್ನು ಕಾಯಿಸದೆ 503 ಉತ್ತರ ಕೊಡಿ.

ಕೊನೆಯ ಹೆಜ್ಜೆ ಪರೀಕ್ಷೆ. ಟೆಸ್ಟ್ ಸರ್ವರ್‌ನಲ್ಲಿ ‘ಷೋ ಪ್ರಾಸೆಸ್‌ಲಿಸ್ಟ್’ನಿಂದ ಸಂಪರ್ಕದ ಸಂಖ್ಯೆ ನೋಡಿಕೊಂಡು, ಕೆಲಸದ ನಡುವೆಯೇ ‘ಕಿಲ್’ ಆದೇಶದಿಂದ ಅದನ್ನು ಕಡಿಯಿರಿ. ಆಮೇಲೆ ಡೇಟಾಬೇಸನ್ನೇ ರೀಸ್ಟಾರ್ಟ್ ಮಾಡಿ. ಯಾರೂ ಕೈಹಾಕದೆ ಆ್ಯಪ್ ಚೇತರಿಸಿಕೊಂಡು, ಯಾವ ದಾಖಲೆಯೂ ಎರಡಾಗದೆ ಉಳಿದರೆ ಮಾತ್ರ ಆ ಕೋಡನ್ನು ಜನರ ಬಳಕೆಗೆ ಬಿಡಿ.